ಬರಬೇಡಿರೆಂದು ಕರೆಯಲು ಬಂದವರು

ಮಕ್ಕಳ ನಿಲಯದ ಸಮಿತಿಯವರು ಹೊರತಂದಿರುವ ಸ್ಮರಣ ಸಂಚಿಕೆ ಕಳೆದ ವಾರ ನನ್ನ ಕೈ ಸೇರಿತು. ಅಧ್ಯಕ್ಷರು ಹೊಸ ಕಟ್ಟಡದ ಮುಂದೆ ನಿಂತದ್ದು, ಒಳಗೆ ನಿಂತದ್ದು, ಮೇಲೆ ನಿಂತದ್ದು ಎಂದು ಭಾವಚಿತ್ರಗಳು ಧಾರಾಳವಾಗಿವೆ. ಅವುಗಳ ನಡುವೆ ಒಂದು ವಾಕ್ಯವಿದೆ: ‘ಮಾನ್ಯ ಅಧ್ಯಕ್ಷರ ಪರಿಕಲ್ಪನೆಯಾದ ಮನೆಯೂಟ ಕಾರ್ಯಕ್ರಮದ ಫಲವಾಗಿ ಕಟ್ಟಡದ ತಾರಸಿ ಪೂರ್ಣಗೊಂಡಿತು.’ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ವಾಕ್ಯ ಹಾಗೆಯೇ ಇತ್ತು.

ಆ ಪರಿಕಲ್ಪನೆ ಯಾರದ್ದೆಂದು ಬಲ್ಲವರು ಸಮಿತಿಯಲ್ಲಿ ಇನ್ನೂ ಇದ್ದಾರೆ. ಅದನ್ನು ಮುಂದಿಟ್ಟ ದಿನ ಯಾರು ನಕ್ಕರು, ಯಾರು ನಗು ತಡೆದುಕೊಂಡು ಕಿಟಕಿಯಾಚೆ ನೋಡಿದರು ಎಂಬುದು ನನಗೆ ನೆನಪಿದೆ. ಯಾರದ್ದಾಗಿತ್ತೋ ಅವರು ಕಳೆದ ಶ್ರಾವಣದಲ್ಲಿ, ಹರಿಯಬ್ಬೆಯ ತಮ್ಮನ ಮನೆಯಲ್ಲಿ ತೀರಿಕೊಂಡರು. ಸಮಿತಿಯ ಪೈಕಿ ಮಣ್ಣಿಗೆ ಹೋದವನು ನಾನೊಬ್ಬನೇ. ಅಧ್ಯಕ್ಷರಿಗೆ ಅಂದು ಮಾರುಕಟ್ಟೆಯ ದಿನವಾಗಿತ್ತಂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಗೆ ಅವರ ಬಗ್ಗೆ ಬರೆಯುತ್ತೇನೆಂದು ಒಮ್ಮೆ ಹೇಳಿದ್ದಾಗ, “ಹೆಸರು ಹಾಕಿದ್ರೋ ಮೇಷ್ಟ್ರೆ, ನಿಮ್ಮನೆ ಬಾಗ್ಲಿಗೆ ನಾನು ಕಾಲಿಡಲ್ಲ” ಅಂದಿದ್ದರು. ಈಗ ಕಾಲಿಡುವ ಮಾತೇ ಉಳಿದಿಲ್ಲ. ಆದರೂ ಅಂದು ಒಪ್ಪಿಕೊಂಡದ್ದನ್ನು ಇಂದು ಮುರಿಯಲು ನನಗೆ ಮನಸ್ಸಿಲ್ಲ. ಹೆಸರಿಲ್ಲದೆಯೂ ಅವರನ್ನು ಗುರುತಿಸುವಂತೆ ಬರೆಯಬಲ್ಲೆನೆಂಬ ನಂಬಿಕೆಯಿಂದ ಹೊರಟಿದ್ದೇನೆ.

ಅವರು ಸರ್ಕಾರಿ ವಿದ್ಯಾರ್ಥಿನಿಲಯವೊಂದರ ವಾರ್ಡನ್ ಆಗಿ ನಿವೃತ್ತರಾದವರು. ಧರ್ಮಪುರದ ಕಡೆಯ ಕುರಿಗಾರರ ಮನೆತನದಲ್ಲಿ ಹುಟ್ಟಿದವರು. ಎತ್ತರದ ಆಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಮಾತಿಗೆ ನಿಲ್ಲುವವರು. ಒಂದನೇ ತರಗತಿಯ ಮಗುವಿನೊಡನೆ ಆಡುವ ದನಿಯಲ್ಲೇ ಅಧಿಕಾರಿಗಳೊಡನೆ ಆಡುವರು. ಒಮ್ಮೆ ತಪಾಸಣೆಗೆಂದು ಬಂದ ಅಧಿಕಾರಿಯೊಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಊಟದ ಗುಣಮಟ್ಟದ ಬಗ್ಗೆ ಬರೆದುಕೊಳ್ಳತೊಡಗಿದಾಗ, ಅವರ ಮುಂದೆ ಮಣೆ ಹಾಕಿ, “ಮೊದ್ಲು ಉಣ್ರಿ, ಆಮೇಲೆ ಬರ್ಕಳ್ರಿ” ಎಂದಿದ್ದರಂತೆ. ಅಧಿಕಾರಿ ಮಕ್ಕಳ ಸಾಲಿನಲ್ಲಿ ಕುಳಿತು ಉಂಡೇ ಹೋಗಬೇಕಾಯಿತು.

ಊಟದ ವಿಷಯದಲ್ಲಿ ಅವರಿಗೊಂದು ಛಲವಿತ್ತು. ನಮ್ಮ ಕಡೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸಿಬಿಟ್ಟರೆ ಊಟ ಹಾಕಿದಂತಾಗುವುದಿಲ್ಲ. ಮನೆಯ ಯಜಮಾನನೋ ಯಜಮಾನಿಯೋ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರನ್ನೂ ಮಾತಾಡಿಸಬೇಕು. ಇದನ್ನೇ ವಿಚಾರಿಸುವುದು ಎನ್ನುತ್ತೇವೆ. ಹೋಳಿಗೆ ಉಂಡು ಹೋದವನು ಯಾರೂ ವಿಚಾರಿಸಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಟ್ಟದ್ದುಂಟು. ಅಂಥವರನ್ನು ನಾನು ತಪ್ಪೆನ್ನಲಾರೆ. “ಅನ್ನ ಹಾಕೋದು ಅಡುಗೆಯೋನೂ ಹಾಕ್ತಾನೆ. ಕೇಳೋರು ಬೇಕು” ಎನ್ನುತ್ತಿದ್ದರು ಅವರು. ನಿಲಯದ ಮಕ್ಕಳನ್ನೂ ಪ್ರತಿ ರಾತ್ರಿ ಮದುವೆಮನೆಯ ಬೀಗರಂತೆ ವಿಚಾರಿಸುವರು. ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟ ಹುಡುಗಿಯನ್ನು ಗದರುವುದಿಲ್ಲ. ತಮ್ಮ ತಟ್ಟೆ ತಂದು ಅವಳ ಪಕ್ಕ ಕುಳಿತುಬಿಡುವರು. ಊಟ ಮುಗಿಯುವ ಹೊತ್ತಿಗೆ ಅವಳ ಮನೆಯ ಕಷ್ಟವೆಲ್ಲ ಅವರಿಗೆ ತಿಳಿದಿರುತ್ತಿತ್ತು.

ನಮ್ಮ ನಿಲಯವೆಂದರೆ ಆಗ ಹಿರಿಯೂರಿನಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ಹಳೆಯ ಶೇಂಗಾ ಗೋದಾಮು. ಧರ್ಮಪುರ, ಹರಿಯಬ್ಬೆ ಸುತ್ತಿನ ಕುರಿಗಾರರು ಮಂದೆಯೊಡನೆ ಊರೂರು ತಿರುಗುವಾಗ ಮಕ್ಕಳು ಶಾಲೆ ಬಿಡದಿರಲೆಂದು ಅಲ್ಲಿ ಇಟ್ಟುಕೊಂಡು ಓದಿಸುತ್ತಿದ್ದೆವು; ರಜೆಯಲ್ಲೂ ಅವರು ಅಲ್ಲೇ ಇರುತ್ತಿದ್ದರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಸಂಬಳವಿಲ್ಲದೆ ಇಲ್ಲಿಯ ಮಕ್ಕಳನ್ನು ನೋಡಿಕೊಳ್ಳಲು ಬಂದರು. ನಾನು ಚಿತ್ರದುರ್ಗದ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾಗಿದ್ದವನು ಸಮಿತಿಯ ಕಾರ್ಯದರ್ಶಿಯಾದೆ. ಹೊಳಲ್ಕೆರೆಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಸಾಹುಕಾರರು ಅಧ್ಯಕ್ಷರು.

ಗೋದಾಮಿನ ಮಾಲೀಕರು ಅದನ್ನು ಮಾರಿದರು. ಬೇಸಿಗೆ ರಜೆ ಮುಗಿಯುವುದರೊಳಗೆ ತೆರವು ಮಾಡಬೇಕೆಂದು ಹೊಸಬರು ಹೇಳಿ ಕಳಿಸಿದರು. ಊರಾಚೆ ರೈತರೊಬ್ಬರು ಕೊಟ್ಟ ಜಾಗದಲ್ಲಿ ನಮ್ಮ ಸ್ವಂತ ಕಟ್ಟಡದ ಗೋಡೆಗಳೇನೋ ಎದ್ದಿದ್ದವು, ತಾರಸಿಗೆ ಹಣವಿರಲಿಲ್ಲ.

ಆ ಸುದ್ದಿ ಮಂದೆಗಳಿಗೂ ಮುಟ್ಟಿತು. ಒಂದು ಮಧ್ಯಾಹ್ನ ನಾನು ಗೋದಾಮಿನಲ್ಲಿ ಇದ್ದಾಗಲೇ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

“ಗೋದಾಮು ಮಾರಿದ್ರಂತೆ ಅಕ್ಕ.”

“ಮಾರಿದ್ರಪ್ಪ. ನಮ್ದೇ ಕಟ್ತಾ ಇದೀವಲ್ಲ.”

“ನೋಡ್ಕಂಡೇ ಬಂದೆ. ಗೋಡೆ ಅವೆ, ಮೇಲೆ ಆಕಾಶ ಐತೆ. ಆಕಾಶದ ಕೆಳಗೇ ಇರೋದಾದ್ರೆ ಮಗಳು ನನ್ನ ಮಂದೆ ಜೊತೇಲೇ ಇರ್ಬೋದಲ್ಲ.”

“ಬರೋ ವರ್ಷ ಹತ್ತನೇ ಕ್ಲಾಸು ಕಣಪ್ಪ. ಓದೋ ಹುಡುಗಿ ಅದು.”

“ಓದೋ ಹುಡುಗಿ ಮಳೇಲಿ ನೆನೆಯಲ್ವಾ? ಬಸವ ಜಯಂತಿ ಕಳೀಲಿ. ಬಂದು ಕರ್ಕಂಡೋಗ್ತೀನಿ.”

ಅವರ ಮಾತಿನಲ್ಲಿ ಒರಟುತನವಿರಲಿಲ್ಲ, ತೀರ್ಮಾನವಿತ್ತು. ಮಗಳು ಒಳಗಿನ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳು ಹೋದರೆ ಉಳಿದ ಹೆಣ್ಣುಮಕ್ಕಳ ತಂದೆಯರೂ ಬರುವರೆಂಬುದು ನಮಗಿಬ್ಬರಿಗೂ ಗೊತ್ತಿತ್ತು. ಮಂದೆಯ ಹಿಂದೆ ಹೋದ ಹುಡುಗಿ ಮತ್ತೆ ಹತ್ತನೇ ತರಗತಿಗೆ ಬಂದದ್ದನ್ನು ನನ್ನ ಇಡೀ ಸೇವೆಯಲ್ಲಿ ನಾನು ಕಾಣಲಿಲ್ಲ.

ಅದೇ ವಾರ ಸಮಿತಿಯ ಸಭೆ. ಪ್ರತಿ ವರ್ಷ ಚಿತ್ರದುರ್ಗದ ಕಲ್ಯಾಣ ಮಂಟಪದಲ್ಲಿ ನಾವು ಸಹಾಯಾರ್ಥ ಭೋಜನಕೂಟ ನಡೆಸುತ್ತಿದ್ದೆವು. ನಾಲ್ಕು ತಾಲ್ಲೂಕುಗಳ ದಾನಿಗಳು ಬರುವರು; ಎರಡು ಪಲ್ಯ, ಹೋಳಿಗೆ, ಐಸ್‌ಕ್ರೀಮು ಉಣ್ಣುವರು; ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವರು. ಮಂಟಪದವರಿಗೆ, ಅಡುಗೆಯವರಿಗೆ, ಶಾಮಿಯಾನದವರಿಗೆ, ಶಾಲಿನ ಅಂಗಡಿಗೆ ಕೊಟ್ಟು ಉಳಿದದ್ದು ಮಕ್ಕಳಿಗೆ. ಉಳಿಯುತ್ತಿದ್ದದ್ದು ಅಲ್ಪ.

ಸಭೆಯಲ್ಲಿ ಅವರನ್ನು ಕಡತದ ಬೀರುವಿನ ಪಕ್ಕದ ಕುರ್ಚಿಗೆ ಕೂರಿಸಿದ್ದರು. ಚಹಾ ಎಲ್ಲರಿಗೂ ಬಂತು, ಅವರಿಗೆ ಬರಲಿಲ್ಲ. ನಾನು ನನ್ನ ಲೋಟ ಸರಿಸಿದೆ; ಅವರು ಬೆರಳ ತುದಿಯಿಂದ ಹಿಂದಕ್ಕೆ ಸರಿಸಿ ಎದ್ದು ನಿಂತರು.

“ಈ ಸಲ ಮಂಟಪ ಬ್ಯಾಡ. ಊಟಕ್ಕೆ ಕರೆಯಾಣ, ಆದ್ರೆ ಯಾರೂ ಬರೋದು ಬ್ಯಾಡ. ಅವರವರ ಮನೇಲೇ ಉಣ್ಲಿ. ಮಂಟಪಕ್ಕೆ ಹೋಗೋದೆಲ್ಲ ಸೂರಿಗೆ ಬರ್ಲಿ.”

ಅಧ್ಯಕ್ಷರು ನಕ್ಕರು. ಅವರು ನಕ್ಕ ಮೇಲೆ ಉಳಿದವರಿಗೂ ನಗು ಬಂತು.

“ಏನಮ್ಮ, ಊಟಕ್ಕೆ ಅಂತ ಕರೆದು ಉಪವಾಸ ಕಳಿಸೋದು ಯಾವ ಸೀಮೆ ಮರ್ಯಾದೆ?”

“ಕಳಿಸೋ ಮಾತೇ ಇಲ್ಲ ಸಾಹುಕಾರ್ರೆ. ಬಂದ್ರೆ ತಾನೆ ಕಳಿಸೋದು?”

“ಶಾಲು ಯಾರಿಗೆ ಹೊದಿಸ್ತೀರಿ? ಮನೆ ಬಾಗಿಲಿಗಾ?”

“ತಾರಸಿ ಹಾಕ್ರಿ. ಮಕ್ಕಳಿಗೆ ಅದೇ ಹೊದಿಕೆ.”

ಸಭೆಯಲ್ಲಿ ನನ್ನನ್ನು ‘ಮೇಷ್ಟ್ರೆ’ ಎಂದೂ ಮಿಕ್ಕವರನ್ನೆಲ್ಲ ‘ಸರ್’ ಎಂದೂ ಕರೆಯುತ್ತಿದ್ದ ಅಧ್ಯಕ್ಷರಿಗೆ ಅವರು ಮಾತ್ರ ‘ಏನಮ್ಮ’. ಕೊನೆಗೆ, ಮದುವೆಯ ದಿನಗಳಾದ್ದರಿಂದ ಮಂಟಪ ಸಿಗದೆಂದು ತಿಳಿದ ಮೇಲೆ, ಅಧ್ಯಕ್ಷರು ಕೈ ಕೊಡವಿ, “ಆಯ್ತಮ್ಮ, ನೀವೇ ಮಾಡ್ಕಳ್ರಿ. ಕೆಟ್ರೆ ನನ್ನ ಹೆಸರು ಮಾತ್ರ ತರಬ್ಯಾಡ್ರಿ” ಎಂದರು. ನಡಾವಳಿಯಲ್ಲಿ ಆ ಮಾತು ದಾಖಲಾಗಲಿಲ್ಲ. ಸಂಚಿಕೆಯ ಸಂಪಾದಕರು ಅದನ್ನು ಮರೆತಿರಬಹುದು. ನಾನು ಮರೆತಿಲ್ಲ.

ಸಮಿತಿಯ ಕಚೇರಿಯಿಂದ ಒಂದು ಚಂದದ ಕಾರ್ಡು ತಯಾರಾಗಿ ಎಲ್ಲರ ವಾಟ್ಸಾಪಿಗೂ ಹೋಯಿತು: ಇಂಥ ಭಾನುವಾರ ಸಂಜೆ ತಮ್ಮ ತಮ್ಮ ಮನೆಯಲ್ಲೇ ಊಟ ಮಾಡಿ, ಭೋಜನಕೂಟದ ಕಾಣಿಕೆಯನ್ನು ಮಕ್ಕಳ ಸೂರಿಗೆ ಕೊಡಿ. ಉತ್ತರವಾಗಿ ಕೈ ಮುಗಿದ ಚಿತ್ರಗಳು ಬಂದವು, ಹೂವಿನ ಚಿತ್ರಗಳು ಬಂದವು. ಕೊಡುತ್ತೇನೆಂದು ಯಾರೂ ಹೇಳಲಿಲ್ಲ. ನಮ್ಮ ಹಳೆಯ ದಾನಿ, ಹೊಸದುರ್ಗದ ಜವಳಿ ವರ್ತಕರೊಬ್ಬರು, ನನಗೆ ಫೋನ್ ಮಾಡಿ ಸಿಡುಕಿದರು.

“ಏನ್ ಮೇಷ್ಟ್ರೆ, ಕರೆಯಾಕೆ ಒಬ್ರೂ ಮನೆಗೆ ಬರ್ಲಿಲ್ಲ. ಮೊಬೈಲಿಗೆ ಒಂದು ಕಾರ್ಡ್ ಬಿಟ್ಟಿದೀರಿ. ಅದೂ ಬರಬ್ಯಾಡ್ರಿ ಅಂತ. ನಾವೇನು ನಿಮ್ಮನೆ ಊಟಕ್ಕೆ ಕಾದು ಕುಂತಿದ್ವಾ?”

ನಾನು ಗೋದಾಮಿಗೆ ಹೋಗಿ ಈ ಮಾತನ್ನು ಅವರಿಗೆ ತಿಳಿಸಿದೆ. ಬೇಸರ ಪಟ್ಟುಕೊಳ್ಳುವರೆಂದು ಎಣಿಸಿದ್ದೆ. ಅವರು ಮೆಚ್ಚಿಕೊಂಡರು.

“ಸರಿಯಾಗೇ ಕೇಳವ್ರೆ. ಮನೆಗೆ ಬಂದು ಕರೆದೋರ ಊಟಕ್ಕೆ ಮಾತ್ರ ತಪ್ಪಿಸ್ಕಳ್ಳಾಕೆ ಆಗಲ್ಲ. ಇವ್ರನ್ನ ನಾವು ಕರೆದೇ ಇಲ್ವಲ್ಲ ಮೇಷ್ಟ್ರೆ. ನಡೀರಿ, ಹೋಗಾಣ.”

ಹೊರಟೇಬಿಟ್ಟರು. ಮದುವೆಗೆ ಕರೆಯುವಂತೆ ಬಟ್ಟಲಲ್ಲಿ ಕುಂಕುಮ, ಅರಿಶಿನ ಹಚ್ಚಿದ ಅಕ್ಷತೆ. ನಾಲ್ಕು ತಾಲ್ಲೂಕು, ಬಸ್ಸು, ಚೈತ್ರದ ಬಿಸಿಲು. ಜೊತೆಗೆ ನಾನು. ಮೊಣಕಾಲು ನೋವೆಂದು ಅವರು ಒಮ್ಮೆಯೂ ಹೇಳಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುವುದನ್ನು ನೋಡಿ ನಾನೇ ತಿಳಿದುಕೊಂಡೆ.

ಹೊಸದುರ್ಗದ ಜವಳಿ ವರ್ತಕರ ಮನೆಗೇ ಮೊದಲು ಹೋದೆವು. ವರ್ತಕರು ಅಂಗಡಿಯಲ್ಲಿದ್ದರು. ನಡುಮನೆಯ ಮಂಚದ ಮೇಲೆ ಅವರ ತಾಯಿ ಮಲಗಿದ್ದರು, ಮೇಲೇಳಲಾರದ ವೃದ್ಧೆ. ಇವರು ಕುಂಕುಮ ಹಚ್ಚಿ ಕೈಗೆ ಅಕ್ಷತೆ ಕೊಟ್ಟರು.

“ಯಾರ ಮದುವೆನವ್ವ?”

“ಮದುವೆ ಅಲ್ಲ ಅಜ್ಜಿ, ಮಕ್ಕಳ ಮನೆ ಊಟ. ಭಾನುವಾರ ಸಂಜಿಕೆ. ಖಂಡಿತಾ ಯಾರೂ ಬರಬಾರ್ದು. ಮನೆಮಂದಿಯೆಲ್ಲ ಇಲ್ಲೇ ಒಟ್ಟಿಗೆ ಕುಂತು ಉಣ್ಬೇಕು. ನಾನು ಫೋನಿನಾಗೆ ಬಂದು ವಿಚಾರಿಸ್ಕಂತೀನಿ.”

ಅಜ್ಜಿ ಒಂದು ಕ್ಷಣ ಇವರ ಮುಖವನ್ನೇ ನೋಡಿದರು. ಬೊಚ್ಚುಬಾಯಿ ಅರಳಿತು.

“ಹಂಗಾದ್ರೆ ಈ ಊಟಕ್ಕೆ ನಾನೂ ಆಗ್ತೀನಲ್ಲೇ. ಮಂಚ ಹಿಡಿದ ಮೇಲೆ ನನ್ನ ಯಾರೂ ಊಟಕ್ಕೆ ಕರ್ದಿಲ್ಲ. ಇವರಿಗಷ್ಟೇ ಹೇಳಿ ಹೋಗ್ತಾರೆ. ನಾನು ಸತ್ತೆ ಅಂದ್ಕಂಡವ್ರೆ.”

“ನಿಮ್ಮನ್ನೇ ಮೊದ್ಲು ಕೇಳ್ತೀನಿ ತಗಳ್ರಿ.”

ಆ ಸಂಜೆ ವರ್ತಕರೇ ನನಗೆ ಫೋನ್ ಮಾಡಿದರು. ಸಿಡುಕಿರಲಿಲ್ಲ. ತಾಯಿ ಹೋಳಿಗೆಯೇ ಆಗಬೇಕೆಂದು ಹಟ ಹಿಡಿದಿದ್ದಾರೆ, ಮೇಡಂ ಏನು ಹೇಳುತ್ತಾರೆ ಎಂದು ಕೇಳಿದರು. ಹೋಳಿಗೆ ಆಗಬಹುದೆಂದು ಮೇಡಂ ಒಪ್ಪಿಗೆ ಕೊಟ್ಟರು.

ಎಲ್ಲ ಮನೆಗಳೂ ಹಾಗಿರಲಿಲ್ಲ. ಚಿತ್ರದುರ್ಗದಲ್ಲಿ ಒಬ್ಬರು, ನನ್ನ ಹಳೆಯ ವಿದ್ಯಾರ್ಥಿ, ಗೇಟನ್ನು ತೆರೆಯದೆ ಅದರ ಮೇಲಿಂದಲೇ ಮಾತಾಡಿ ಕಳಿಸಿದ. ಹೊಳಲ್ಕೆರೆಯ ಅಧ್ಯಕ್ಷರ ಮನೆಯಲ್ಲಿ ನಮ್ಮನ್ನು ಜಗಲಿಯಲ್ಲಿ ಕೂರಿಸಿದರು. ಸಾಹುಕಾರರು ಮಲಗಿದ್ದಾರೆಂದು ಆಳು ಬಂದು ಹೇಳಿದ. ಒಳಗಿನಿಂದ ಅಡಿಕೆಯ ಧಾರಣೆ ಮಾತಾಡುತ್ತಿದ್ದ ಅವರದೇ ದನಿ ಕೇಳುತ್ತಿತ್ತು. ನಾನು ಎದ್ದು ನಿಂತೆ. ಇವರು ಕುಳಿತೇ ಇದ್ದರು.

“ಕುಂತ್ಕಳ್ರಿ ಮೇಷ್ಟ್ರೆ. ನಿದ್ದೇಲಿ ಮಾತಾಡೋರು ಎದ್ದೇ ಏಳ್ತಾರೆ.”

ಸಾಹುಕಾರರು ಏಳಲಿಲ್ಲ, ಅವರ ಪತ್ನಿ ಹೊರಗೆ ಬಂದರು. ಕುಂಕುಮ ಹಿಡಿದು ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಜಗಲಿಯಲ್ಲಿ ಬಿಟ್ಟದ್ದಕ್ಕೆ ಆಳನ್ನು ಅಲ್ಲೇ ಗದರಿ, ಇವರನ್ನು ಒಳಗೆ ಕರೆದೊಯ್ದು ಹಣೆಯೊಡ್ಡಿದರು, ಸೆರಗೊಡ್ಡಿ ಅಕ್ಷತೆ ಈಸಿಕೊಂಡರು. “ಇಸ್ಕಂಡ ಮೇಲೆ ಆಯ್ತಲ್ರಿ. ಅವತ್ತು ಇವ್ರನ್ನೂ ಮನೇಲೇ ಕುಂದ್ರಿಸ್ತೀನಿ” ಎಂದರು. ಆ ಮನೆಯಲ್ಲಿ ನನ್ನ ಗೌರವಕ್ಕೆ ಪಾತ್ರರಾದವರು ಅವರೊಬ್ಬರೇ.

ಆ ಭಾನುವಾರ ದೀಪ ಹಚ್ಚುವ ಹೊತ್ತಿಗೆ ಗೋದಾಮಿನಲ್ಲಿ ಮಕ್ಕಳಿಗೆ ಬಡಿಸಿಯಾಗಿತ್ತು. ಅವರು ಸಾಲಿನ ತಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ಫೋನ್ ಕೈಗೆತ್ತಿಕೊಂಡರು. ನಾನು ನಂಬರು ಹಚ್ಚಿ ಕೊಡುವುದು, ಅವರು ವಿಚಾರಿಸುವುದು. ಮೊದಲ ಕರೆ ಹೊಸದುರ್ಗದ ಅಜ್ಜಿಗೆ. ಅಜ್ಜಿ ಹಾಲು ಹೋಳಿಗೆ ಕಿವುಚಿಕೊಂಡು ಉಣ್ಣುತ್ತಿದ್ದರಂತೆ. “ಇನ್ನೊಂದು ಹಾಕಿಸ್ಕಳ್ರಿ, ಸಂಕೋಚ ಮಾಡಬ್ಯಾಡ್ರಿ” ಎಂದು ಇವರು ಇಲ್ಲಿಂದಲೇ ಬಲವಂತ ಮಾಡಿದರು. ಚಿತ್ರದುರ್ಗದ ಮನೆಯೊಂದರಲ್ಲಿ ಇನ್ನೂ ಎಲೆ ಹಾಕಿರಲಿಲ್ಲ.

“ಧಾರಾವಾಹಿ ಮುಗೀಲಿ ಮೇಡಂ, ಕುಂತ್ಕಂತೀವಿ.”

“ಟೀವಿ ಆರ್ಸಿ ಕುಂತ್ಕಳ್ರಿ. ಪಂಕ್ತಿ ಎದ್ದೋಗುತ್ತೆ.”

ಮಕ್ಕಳು ತುತ್ತು ಹಿಡಿದು ನಕ್ಕರು. ಹಿರಿಯೂರಿನ ಔಷಧಿ ಅಂಗಡಿಯವರು, ತಾವು ಉಪ್ಪಿಟ್ಟು ಮಾಡಿಕೊಂಡು ಮುಗಿಸಿದ್ದೇವೆಂದು ಹೇಳಿ ಸಿಕ್ಕಿಬಿದ್ದರು. ಕರೆದ ಊಟದ ದಿನ ಉಪ್ಪಿಟ್ಟೇ ಎಂದು ಇವರಿಂದ ಕೇಳಿಸಿಕೊಂಡು, ಮರ್ಯಾದೆ ಉಳಿಸಿಕೊಳ್ಳಲು ಪಾಯಸಕ್ಕೆ ಇಟ್ಟರು. ಹೀಗೆ ವಿಚಾರಿಸಿದ ಮೇಲೆ ಉಣ್ಣುತ್ತಿದ್ದವರು ಕಾಣಿಕೆಯ ಮಾತನ್ನು ತಾವೇ ಎತ್ತುತ್ತಿದ್ದರು. ಇವರು ಒಬ್ಬರನ್ನೂ ಕೇಳಲಿಲ್ಲ. ಹೊಳಲ್ಕೆರೆಯಲ್ಲಿ ಸಾಹುಕಾರರ ಪತ್ನಿ ಫೋನನ್ನು ಸ್ಪೀಕರಿಗೆ ಹಾಕಿ ಗಂಡನ ಎಲೆಯ ಪಕ್ಕದಲ್ಲೇ ಇಟ್ಟರು.

“ಸಾಹುಕಾರ್ರೆ, ಸಾರು ಹೆಂಗೈತೆ? ನಾಚ್ಕಂಡು ಅರ್ಧ ಹೊಟ್ಟೇಲಿ ಏಳಬ್ಯಾಡ್ರಿ.”

ಆ ಕಡೆ ಸಾರು ಸುರಿದ ಸದ್ದು. ಆಮೇಲೆ, “ಚೆನ್ನಾಗೈತೆ ಕಣ್ರಿ” ಎಂಬ ದನಿ. ‘ಏನಮ್ಮ’ ಬಿಟ್ಟು ಅವರು ಇವರಿಗೆ ಮರ್ಯಾದೆಯಿಂದ ಉತ್ತರಿಸಿದ್ದು ಅದೊಂದೇ ಸಲ. ನ್ಯಾಯವಾಗಿ ಅದನ್ನೂ ಬರೆಯಬೇಕು, ಬರೆದಿದ್ದೇನೆ.

ಸೂರಿಗೆ ಸಾಲುವಷ್ಟು ಆಗುತ್ತದೆಂಬುದು ಆ ಹೊತ್ತಿಗೆ ನನಗೆ ಖಾತ್ರಿಯಾಗಿತ್ತು. ಅವರಿಗೆ ಹೇಳಿದೆ. ತಲೆಯಾಡಿಸಿದರು, ಅಷ್ಟೆ. ಅವರ ಕಣ್ಣು ಸಾಲಿನ ಕೊನೆಯಲ್ಲಿ ಕುಳಿತು ತಟ್ಟೆಯನ್ನೇ ನೋಡುತ್ತಿದ್ದ ಆ ಹುಡುಗಿಯ ಮೇಲಿತ್ತು. ಬಸವ ಜಯಂತಿ ಆ ವಾರವೇ ಇತ್ತು. ತಾರಸಿ ಏಳುವ ಮೊದಲೇ ತಂದೆ ಬರುವುದಿತ್ತು.

ಕೊನೆಯ ಮನೆಯನ್ನೂ ವಿಚಾರಿಸಿ ಮುಗಿಸಿದ ಮೇಲೆ ಫೋನ್ ತಾನಾಗಿಯೇ ಮೊಳಗಿತು. ನಾನು ಎತ್ತಿದೆ. ಗಾಳಿಯ ಸದ್ದು, ಅದರ ಹಿಂದೆ ಕುರಿಗಳ ಸದ್ದು. ಹುಡುಗಿಯ ತಂದೆ, ಆಂಧ್ರದ ಗಡಿಯಾಚೆ ಯಾರದ್ದೋ ಹೊಲದಲ್ಲಿ ಮಂದೆ ಕೂಡಿ ಕುಳಿತಿದ್ದರು. ಫೋನನ್ನು ಇವರ ಕೈಗೆ ಕೊಟ್ಟೆ. ಮಾತು ನನಗೂ ಕೇಳುತ್ತಿತ್ತು.

“ಅಕ್ಕ, ಊರೆಲ್ಲ ಕರ್ದಿದೀರಂತೆ. ಧರ್ಮಪುರದ ಅಂಗಡಿಯೋನಿಗೂ ಅಕ್ಷತೆ ಕೊಟ್ಟಿದೀರಂತೆ. ಮಕ್ಕಳು ನಮ್ಮವು. ನಮ್ಮನ್ನ ಯಾಕೆ ಕರೀಲಿಲ್ಲ?”

ಸಾಹುಕಾರರ ಸಭೆಯಲ್ಲೂ ಕಾಣದ ನಾಚಿಕೆಯ ಬಣ್ಣ ಇವರ ಮುಖಕ್ಕೆ ಬಂತು.

“ನಿಮಗೆ ತೊಂದ್ರೆ ಯಾಕೆ ಅಂತ ಬಿಟ್ಟೆ ಕಣಪ್ಪ.”

“ತೊಂದ್ರೆ ನಾವು ನೋಡ್ಕಂತಿದ್ವಿ. ಕರೆಯಾದು ನೀವು ಕರೀಬೇಕಿತ್ತು.”

“ಹೌದು. ಕರೀಬೇಕಿತ್ತು.” ಸ್ಟೂಲಿನಿಂದ ಎದ್ದು ನಿಂತರು. ಸೆರಗನ್ನು ಸೊಂಟದಿಂದ ಬಿಡಿಸಿ ಹೆಗಲ ಮೇಲೆ ಹೊದ್ದುಕೊಂಡರು. ಎದುರಿಗೇ ಎಲೆಯ ಮುಂದೆ ಅತಿಥಿ ಕುಳಿತಿರುವಂತೆ. “ಈಗ ಕರೀತಿದೀನಿ. ಊಟಕ್ಕೆ ಕುಂತ್ಕಳ್ರಿ. ಏನು ಮಾಡೀರಿ ಅಡುಗೆ?”

“ಮುದ್ದೆ. ಹುಳಿಸೊಪ್ಪಿನ ಸಾರು.”

“ಉಪ್ಪು ಖಾರ ಸಮ ಐತಾ?”

“ಐತೆ.”

“ಇನ್ನರ್ಧ ಮುದ್ದೆ ಹಾಕ್ಕಳ್ರಿ. ನಿಧಾನಕ್ಕೆ ಉಣ್ರಿ.”

ಅಲ್ಲಿ ಅವರು ಉಣ್ಣುವವರೆಗೂ ಇಲ್ಲಿ ಇವರು ಫೋನ್ ಹಿಡಿದು ನಿಂತೇ ಇದ್ದರು. ಬಹಳ ಹೊತ್ತಾದ ಮೇಲೆ ಆ ಕಡೆಯಿಂದ ದನಿ ಬಂತು.

“ಉಂಡೆ ಅಕ್ಕ. ಒಂದು ಟಗರು ಮಾರಿ ಸೂರಿಗೆ ಕೊಡ್ತೀನಿ. ನಮ್ಮ ಮಂದಿ ಇಲ್ಲಿ ಇನ್ನೂ ಅವ್ರೆ, ಅವ್ರೂ ಕೊಡ್ತಾರೆ. ಸೂರು ನಮ್ದೂ ಆದ್ಮೇಲೆ ಮಗಳು ಅಲ್ಲೇ ಇರ್ಲಿ. ನಾನು ಕರ್ಕಂಡೋಗಾಕೆ ಬರಲ್ಲ.”

ಇವರು ಸಾಲಿನ ಕೊನೆಗೆ ನಡೆದು ಫೋನನ್ನು ಹುಡುಗಿಯ ಕಿವಿಗೆ ಹಿಡಿದರು. ಹುಡುಗಿಯ ಬಲಗೈಯಲ್ಲಿ ಅನ್ನವಿತ್ತು. ಎಡಗೈಯಿಂದ ಇವರ ಮಣಿಕಟ್ಟನ್ನು ಹಿಡಿದುಕೊಂಡು ಕೇಳಿಸಿಕೊಂಡಳು.

ಮಾತು ಮುಗಿದ ಮೇಲೆ ಹಿಂದಿರುಗಿ ಬಂದು ನನ್ನ ಮುಂದೆ ನಿಂತರು. ನಾನು ಅಭಿನಂದಿಸಲು ಬಾಯಿ ತೆರೆದೆ.

“ಇನ್ನು ಯಾರ್ಯಾರ ಅಪ್ಪ ಅಮ್ಮ ಮಂದೆ ಜೊತೆ ಅವ್ರೆ ಮೇಷ್ಟ್ರೆ? ಎಲ್ರಿಗೂ ಹಚ್ರಿ. ಅವ್ರು ಉಂಡು ಮಲಗೋದ್ರೊಳಗೆ ಕರೀಬೇಕು.”

ನಾನು ನಂಬರು ಹಚ್ಚಿದೆ.